ತೀರ್ಥನ್ ಕಣಿವೆಯಲ್ಲಿ ಟ್ರೌಟ್: ಗೈಡ್ ಜೊತೆ ಫ್ಲೈ ಫಿಶಿಂಗ್ ಕಲಿಯುವವರಿಗೆ

ಚಿಕ್ಕಂದಿನಲ್ಲಿ ಹಳ್ಳದ ದಂಡೆಯಲ್ಲಿ ಕೂತು, ಎರೆಹುಳು ಸಿಕ್ಕಿಸಿ ಗಾಳ ಹಾಕಿದವರಿಗೆ ಫ್ಲೈ ಫಿಶಿಂಗ್, ಅಂದರೆ ಗರಿ ನೂಲಿನ ಹುಳದ ವೇಷ ಕಟ್ಟಿ ಟ್ರೌಟ್ ಮೀನು ಹಿಡಿಯುವ ಆಟ, ಮೊದಲ ದಿನ ಚೆನ್ನಾಗಿ ಮಂಗಳಾರತಿ ಮಾಡುತ್ತದೆ. ನನಗೂ ಆಯಿತು. ಮೊದಲ ಒಂದು ಗಂಟೆಯಲ್ಲಿ ನಾನು ಹಿಡಿದದ್ದು ಹಿಂದಿನ ಮರದ ಕೊಂಬೆಯನ್ನು ಮೂರು ಸಲ, ನನ್ನದೇ ಟೋಪಿಯನ್ನು ಒಂದು ಸಲ. ಗೈಡ್ ನಗಲಿಲ್ಲ. ನನ್ನ ಕೈಯಿಂದ ಕೋಲು ತೆಗೆದುಕೊಂಡು ಬಂಡೆಗೆ ಒರಗಿಸಿದರು. "ಪೆಹಲೇ ಪಾನೀ ದೇಖಿಯೇ" ಅಂದರು. ಮೊದಲು ನೀರು ನೋಡಿ ಅಂತ. ಹದಿನೈದು ನಿಮಿಷ ಸುಮ್ನೆ ಕೂರಿಸಿದರು.

ಗೈಡ್‌ಗೆ ಕೊಟ್ಟ ದುಡ್ಡು ವಸೂಲಾಗಿದ್ದು ಆ ಹದಿನೈದು ನಿಮಿಷದಲ್ಲಿ. ಕೋಲು ಬೀಸುವುದನ್ನು ವಿಡಿಯೋ ನೋಡಿಯೂ ಅಷ್ಟಿಷ್ಟು ಕಲಿಯಬಹುದು. ಮೀನು ಎಲ್ಲಿ ನಿಂತಿದೆ ಅಂತ ಹೊಳೆ ನೋಡಿ ಹೇಳುವುದನ್ನು ಆ ಹೊಳೆಯ ಪಕ್ಕ ಬೆಳೆದವರೇ ಕಲಿಸಬೇಕು.

ಎಲ್ಲಿಗೆ ಹೋಗಬೇಕು, ಯಾವಾಗ

ಕರ್ನಾಟಕದ ನದಿಗಳಲ್ಲಿ ಟ್ರೌಟ್ ಇಲ್ಲ. ಅದಕ್ಕೆ ತಣ್ಣಗಿರುವ, ಕಲ್ಲಿಗೆ ಬಡಿದು ಗಾಳಿ ಬೆರೆತ ನೀರು ಬೇಕು. ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಉಸಿರಾಡುವುದೇ ಕಷ್ಟ. ನಮ್ಮ ಕಾವೇರಿಯ ದೊಡ್ಡ ಮೀನು ಮಹಶೀರ್. ಭೀಮೇಶ್ವರಿ, ಗಾಲಿಬೋರೆಯ ಕಡೆ ಅದನ್ನು ಹಿಡಿದು ಬಿಡುವ ಕ್ಯಾಂಪ್‌ಗಳು ಒಂದು ಕಾಲದಲ್ಲಿ ಹೊರದೇಶದವರನ್ನೂ ಸೆಳೆದಿದ್ದವು. ವನ್ಯಧಾಮದ ಒಳಗೆ ಗಾಳ ಹಾಕುವುದು ಈಗ ನಿಂತಿದೆ. ಹಾಗಾಗಿ ಟ್ರೌಟ್ ಬೇಕೆಂದರೆ ಬೆಂಗಳೂರಿನಿಂದ ಉತ್ತರಕ್ಕೆ ಹೊರಡಬೇಕು. ಕಾಶ್ಮೀರ ಒಂದು ದಾರಿ. ಹೊಸಬರಿಗೆ ನಾನು ಹೇಳುವುದು ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆ. ನದಿ ಚಿಕ್ಕದು, ಹೋಂಸ್ಟೇಗಳು ದಂಡೆಯ ಮೇಲೇ ಇವೆ, ಗೈಡ್‌ಗಳು ಅಲ್ಲಿಯ ಊರಿನವರೇ.

ಟ್ರೌಟ್ ಅಲ್ಲಿನ ಮೂಲದ ಮೀನೂ ಅಲ್ಲ. ಬ್ರೌನ್ ಟ್ರೌಟ್ ಯುರೋಪಿನದು, ರೇನ್‌ಬೋ ಟ್ರೌಟ್ ಉತ್ತರ ಅಮೆರಿಕದ ಪಶ್ಚಿಮ ಭಾಗದ್ದು. ಬ್ರಿಟಿಷರು 1900ರ ಹೊತ್ತಿಗೆ ಬ್ರೌನ್ ಟ್ರೌಟನ್ನು ಕಾಶ್ಮೀರಕ್ಕೆ ತಂದರು. ಅಲ್ಲಿಂದ 1909ರಲ್ಲಿ ಕುಲ್ಲುವಿಗೆ ಬಂತು. ಬಂಗಲೆಯ ಸಾಹೇಬರಿಗೆ ತಮ್ಮೂರಿನ ಆಟ ಬೇಕಿತ್ತು, ಅಷ್ಟೇ. ಮೊದಲಿನಿಂದಲೂ ಇದ್ದದ್ದು 'ಸ್ನೋ ಟ್ರೌಟ್'. ಹೆಸರಿನಲ್ಲಿ ಟ್ರೌಟ್ ಇದ್ದರೂ ಅದು ಕಾರ್ಪ್ ಜಾತಿಯದು. ಅದು ನಿಮ್ಮ ಕೊಕ್ಕೆಗೆ ಬಿದ್ದರೆ ಜಾಗದ ನಿಜವಾದ ಯಜಮಾನ ಸಿಕ್ಕಿದ ಅಂದುಕೊಂಡು ಮರ್ಯಾದೆಯಿಂದ ಬಿಡಿ.

ತೀರ್ಥನ್ ಇವತ್ತಿಗೂ ಅಣೆಕಟ್ಟಿಲ್ಲದೆ ಹರಿಯುತ್ತಿರುವುದು ತಾನಾಗಿ ಆದದ್ದಲ್ಲ. ಆ ಕಣಿವೆಯ ಬಂಜಾರ್ ಕ್ಷೇತ್ರದ ಶಾಸಕರಾಗಿದ್ದ ದಿಲೇ ರಾಮ್ ಶಬಾಬ್ ಮತ್ತು ಊರಿನವರು ವಿದ್ಯುತ್ ಯೋಜನೆಗಳ ವಿರುದ್ಧ ಹಟ ಹಿಡಿದು ಹೋರಾಡಿದರು.

ಹೋಗುವ ದಾರಿ ಸುಲಭ. ದೆಹಲಿ ಅಥವಾ ಚಂಡೀಗಢದಿಂದ ಮನಾಲಿಗೆ ಹೋಗುವ ರಾತ್ರಿ ಬಸ್ ಹತ್ತಿ. ಔಟ್ ಸುರಂಗದ ಬಾಯಲ್ಲಿ ಇಳಿಸಲು ಕಂಡಕ್ಟರ್‌ಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ನಿದ್ದೆಗಣ್ಣಲ್ಲಿ ಕುಲ್ಲು ಮುಟ್ಟಿರುತ್ತೀರಿ. ಅಲ್ಲಿಂದ ಟ್ಯಾಕ್ಸಿಯಲ್ಲಿ ಲಾರ್ಜಿ, ಬಂಜಾರ್ ದಾಟಿ ಗುಶೈನಿ ಕಡೆ.

ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಹಿಮಾಚಲದಲ್ಲಿ ಟ್ರೌಟ್ ಹಿಡಿಯುವಂತಿಲ್ಲ. ಮೊಟ್ಟೆ ಇಡುವ ಕಾಲ. ಜುಲೈ, ಆಗಸ್ಟ್ ಮಳೆಗಾಲ, ನೀರು ಚಹಾದ ಬಣ್ಣಕ್ಕೆ ತಿರುಗಿರುತ್ತದೆ, ರಸ್ತೆಗಳೂ ಕುಸಿಯುತ್ತವೆ. ಉಳಿದದ್ದು ಮಾರ್ಚ್‌ನಿಂದ ಜೂನ್, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ನನ್ನ ಆಯ್ಕೆ ಅಕ್ಟೋಬರ್. ನೀರು ಗಾಜಿನ ಹಾಗಿರುತ್ತದೆ, ಕಲ್ಲುಗಳು ಕಾಣುತ್ತವೆ, ಕಲಿಯುವವರಿಗೆ ಅದೇ ಮುಖ್ಯ.

ಗೈಡ್‌ಗೆ ಫೋನ್ ಮಾಡಿದಾಗ

ಮೊದಲ ಪ್ರಶ್ನೆ ಇದೇ ಇರಲಿ: "ಫ್ಲೈ ಕಲಿಸ್ತೀರಾ ಅಥವಾ ಸ್ಪಿನ್ನಿಂಗಾ?" ಆ ಕಡೆ ಬಹಳ ಜನ ಸ್ಪಿನ್ನಿಂಗ್ ಕೋಲಿಗೆ ಹೊಳೆಯುವ ತಗಡಿನ ಸ್ಪೂನ್ ಕಟ್ಟಿಕೊಡುತ್ತಾರೆ. ಅದೂ ಮೀನು ಹಿಡಿಯುವ ಒಳ್ಳೇ ದಾರಿಯೇ, ಕಲಿಯಲು ಸಲೀಸು ಕೂಡ. ಆದರೆ ನೀವು ಕಲಿಯಲು ಹೊರಟದ್ದು ಬೇರೆ. ಕೇಳದೆ ಹೋದರೆ ಆಮೇಲೆ ದೂರುವ ಹಾಗಿಲ್ಲ.

ಆಮೇಲೆ ಇಷ್ಟು ಕೇಳಿ. ಕೋಲು, ರೀಲು, ಫ್ಲೈ ಅವರದೇನಾ? ಹರಿದುಹೋದ ಫ್ಲೈಗೆ ದುಡ್ಡು ಬೇರೆನಾ? ಒಬ್ಬರಿಗೆ ಎಷ್ಟು ಜನ ಕಲಿಯುವವರು? ಇಬ್ಬರಿಗಿಂತ ಜಾಸ್ತಿ ಇದ್ದರೆ ಬೇಡ ಅನ್ನಿ. ಮೂರನೆಯವನು ಯಾವಾಗಲೂ ಪೊದೆಯಿಂದ ಗಾಳ ಬಿಡಿಸುತ್ತಾ ನಿಂತಿರುತ್ತಾನೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕೇ ಬೇಕು, ಅದು ದಿನದ ಲೆಕ್ಕದಲ್ಲಿ ಸಿಗುತ್ತದೆ. ಹೋಂಸ್ಟೇಯವರೋ ಗೈಡೋ ಮಾಡಿಸಿಕೊಡುತ್ತಾರೆ. ಎಷ್ಟು ಉದ್ದದ, ಎಷ್ಟು ಮೀನು ಇಟ್ಟುಕೊಳ್ಳಬಹುದು ಅನ್ನುವ ನಿಯಮವನ್ನೂ ಆಗಲೇ ಕೇಳಿ ತಿಳಿದುಕೊಳ್ಳಿ. ಕಣಿವೆಗೆ ತಾಗಿದ ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಗಡಿಯ ಒಳಗೆ ಗಾಳ ಹಾಕುವಂತಿಲ್ಲ. "ಒಳಗೆ ಕರ್ಕೊಂಡು ಹೋಗ್ತೀನಿ, ಯಾರೂ ನೋಡಲ್ಲ" ಅನ್ನುವವರ ಜೊತೆ ಹೋಗಬೇಡಿ.

ಒಂದು ದಿನ ಸಾಕಾ? ಸಾಲದು. ಎರಡು ಪೂರ್ತಿ ದಿನ ಇಟ್ಟುಕೊಳ್ಳಿ. ಮೊದಲ ದಿನ ಮೀನಿನ ಆಸೆ ಬೇಡ ಅಂತ ಗೈಡ್‌ಗೇ ಹೇಳಿಬಿಡಿ. ಇದರಿಂದ ದೊಡ್ಡ ಲಾಭವಿದೆ. ನೀವು ಖಾಲಿ ಕೈಯಲ್ಲಿ ಹೋಗಬಾರದು ಅನ್ನುವ ಒತ್ತಡ ಅವರ ಮೇಲೆ ಇರುತ್ತದೆ. ಅದರಿಂದಲೇ ಎಷ್ಟೋ ಗೈಡ್‌ಗಳು ತಾವೇ ಬೀಸಿ, ಮೀನು ಸಿಕ್ಕಿದ ಮೇಲೆ ಕೋಲು ನಿಮ್ಮ ಕೈಗೆ ಕೊಟ್ಟು ಫೋಟೋ ತೆಗೆಯುತ್ತಾರೆ. ಫೋಟೋ ಚೆನ್ನಾಗಿರುತ್ತದೆ, ಕಲಿತದ್ದು ಮಾತ್ರ ಏನೂ ಇರುವುದಿಲ್ಲ.

ಸಾಮಾನು

ಮೊದಲ ಸಲಕ್ಕೆ ಏನನ್ನೂ ಕೊಳ್ಳಬೇಡಿ. ಆದರೆ ಗೈಡ್ ಕೈಗೆ ಕೊಟ್ಟದ್ದು ಏನು ಅಂತ ಗೊತ್ತಿರಲಿ.

ನಮ್ಮ ಮಾಮೂಲಿ ಗಾಳದಲ್ಲಿ ಸೀಸದ ಗುಂಡಿನ ತೂಕ ದಾರವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಫ್ಲೈ ಅನ್ನುವುದು ಕೊಕ್ಕೆಗೆ ನವಿರಾದ ಗರಿ, ಕೂದಲು, ನೂಲು ಸುತ್ತಿದ ಹುಳದ ವೇಷ. ಭತ್ತದ ಕಾಳಿನಷ್ಟಿರುತ್ತದೆ. ಅದನ್ನು ಎಸೆದರೆ ಮೂಗಿನ ಮುಂದೆಯೇ ಬೀಳುತ್ತದೆ. ಹಾಗಾಗಿ ತೂಕವನ್ನು ದಾರಕ್ಕೇ ಕೊಟ್ಟಿದ್ದಾರೆ. ದಪ್ಪ ಪ್ಲಾಸ್ಟಿಕ್ ಹೊದಿಕೆಯ, ನೀರಲ್ಲಿ ತೇಲುವ ದಾರ. 5ನೇ ನಂಬರಿನ ದಾರದ ಮೊದಲ 30 ಅಡಿಯ ತೂಕ ಸುಮಾರು 9 ಗ್ರಾಂ. ಕೋಲಿಗೂ ಅದೇ ನಂಬರ್ ಇರಬೇಕು. ತೀರ್ಥನ್‌ನಂಥ ನದಿಗೆ 4 ಅಥವಾ 5ನೇ ನಂಬರಿನ, 8ರಿಂದ 9 ಅಡಿ ಕೋಲು ಸರಿ.

ಆ ದಪ್ಪ ದಾರದ ತುದಿಗೆ 9 ಅಡಿಯ ಲೀಡರ್, ಅಂದರೆ ಬರುಬರುತ್ತಾ ತೆಳುವಾಗುವ ಕಾಣದ ಎಳೆ. ಅದರ ಕೊನೆಯ ತುಂಡು ಟಿಪ್ಪೆಟ್. 4ಎಕ್ಸ್, 5ಎಕ್ಸ್ ಅನ್ನುವ ಲೆಕ್ಕ ಅದರದ್ದು, ನಂಬರ್ ಏರಿದಷ್ಟೂ ಎಳೆ ತೆಳು. ಫ್ಲೈಯ ಗಾತ್ರದ ನಂಬರನ್ನು ಮೂರರಿಂದ ಭಾಗಿಸಿದರೆ ಸರಿಸುಮಾರು ಟಿಪ್ಪೆಟ್ ನಂಬರ್ ಸಿಗುತ್ತದೆ. 14ನೇ ನಂಬರಿನ ಫ್ಲೈಗೆ 5ಎಕ್ಸ್ ಕಟ್ಟಬಹುದು.

ಫ್ಲೈಗಳ ಹೆಸರು ಕೇಳಿ ಹೆದರಬೇಡಿ. ಮೂರು ಪಂಗಡ ಗೊತ್ತಿದ್ದರೆ ಸಾಕು. ನೀರ ಮೇಲೆ ತೇಲುವುದು ಡ್ರೈ ಫ್ಲೈ. ನೀರೊಳಗಿನ ಮರಿಹುಳದ ರೂಪದ್ದು ನಿಂಫ್. ಚಿಕ್ಕ ಮೀನಿನ ಹಾಗೆ ಓಡಾಡಿಸುವುದು ಸ್ಟ್ರೀಮರ್. ಟ್ರೌಟ್ ತನ್ನ ಊಟದ ಬಹುಪಾಲನ್ನು ನೀರೊಳಗೇ ತಿನ್ನುತ್ತದೆ. ಅದಕ್ಕೇ ಹೊಸಬರಿಗೆ ನಿಂಫ್ ವಾಸಿ. ಫೆಸಂಟ್ ಟೇಲ್, ಹೇರ್ಸ್ ಇಯರ್ ಎರಡೂ ಬಹಳ ಹಳೆಯವು, ಇವತ್ತಿಗೂ ಎಲ್ಲ ಗೈಡ್‌ಗಳ ಡಬ್ಬಿಯಲ್ಲಿ ಇರುತ್ತವೆ.

ನೀವು ಒಯ್ಯಬೇಕಾದದ್ದು ಅಂಚಿರುವ ಟೋಪಿ, ಪೋಲರೈಸ್ಡ್ ಕನ್ನಡಕ, ಕಲ್ಲಿನ ಬಣ್ಣದ ಬಟ್ಟೆ. ಕೆಂಪು ಜಾಕೆಟ್ ಬೇಡ. ಕನ್ನಡಕ ಶೋಕಿಗಲ್ಲ. ಒಂದು, ನೀರ ಮೇಲಿನ ಹೊಳಪು ಹೋಗಿ ತಳ ಕಾಣುತ್ತದೆ. ಎರಡು, ಹಿಂದಿನಿಂದ ಹಾರಿ ಬರುವ ಕೊಕ್ಕೆ ಕಣ್ಣಿಗೆ ಬೀಳುವುದಿಲ್ಲ. ನನ್ನ ಟೋಪಿಗೆ ಸಿಕ್ಕಿದ ಕೊಕ್ಕೆ ಎರಡು ಇಂಚು ಕೆಳಗೆ ಬಂದಿದ್ದರೆ ಈ ಲೇಖನ ಬೇರೆ ಥರ ಇರುತ್ತಿತ್ತು.

ಹೊರಡುವ ಮುಂಚೆ ಮನೆಯಲ್ಲಿ

ಒಂದೇ ಒಂದು ಗಂಟು ಕಲಿತು ಹೋಗಿ. ಟಿಪ್ಪೆಟ್ ತುದಿಯನ್ನು ಕೊಕ್ಕೆಯ ಕಣ್ಣಿನಲ್ಲಿ ತೂರಿಸಿ. ಅದೇ ಎಳೆಗೆ ಐದು ಸುತ್ತು ಸುತ್ತಿ. ತುದಿಯನ್ನು ಕಣ್ಣಿನ ಪಕ್ಕದ ಮೊದಲ ಕುಣಿಕೆಯಲ್ಲಿ ತೂರಿಸಿ, ಆಗ ಹುಟ್ಟುವ ದೊಡ್ಡ ಕುಣಿಕೆಯಲ್ಲೂ ತೂರಿಸಿ. ಎಂಜಲು ಹಚ್ಚಿ ನಿಧಾನಕ್ಕೆ ಬಿಗಿ ಮಾಡಿ. ಎಂಜಲು ಯಾಕೆ ಅಂದರೆ, ಒಣ ಎಳೆ ಉಜ್ಜಿ ಬಿಸಿಯಾಗಿ ಬಲ ಕಳೆದುಕೊಳ್ಳುತ್ತದೆ. ಟಿವಿ ನೋಡುತ್ತಾ ಇಪ್ಪತ್ತು ಸಲ ಕಟ್ಟಿ. ಹೊಳೆಯ ದಂಡೆಯಲ್ಲಿ ಬೆರಳು ಮರಗಟ್ಟಿದಾಗ ಕಣ್ಣಿಗಿಂತ ಕೈಗೇ ಗಂಟು ಗೊತ್ತಿರಬೇಕು.

ಬೀಸುವುದು

ಬಟ್ಟೆ ಒಗೆಯುವ ಹಾಗೆ ಬೀಸಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ, ಭುಜದಿಂದ ಎತ್ತಿ ಕಲ್ಲಿಗೆ ಬಡಿದಂತೆ. ಕಾದ ಕಾವಲಿಗೆ ಕೈಯಿಂದ ನೀರು ಚಿಮುಕಿಸುತ್ತೇವಲ್ಲ, ದೋಸೆ ಹುಯ್ಯುವ ಮುಂಚೆ? ಕೈ ಮೆಲ್ಲಗೆ ಶುರುವಾಗಿ, ವೇಗ ಪಡೆದು, ಗಕ್ಕನೆ ನಿಲ್ಲುತ್ತದೆ. ನಿಂತ ಮೇಲೇ ನೀರು ಹಾರುವುದು. ಕೋಲೂ ಹಾಗೇ. ನಿಲ್ಲಿಸಿದ ಮೇಲೆ ದಾರ ಹಾರುತ್ತದೆ.

ಗಡಿಯಾರ ನೆನೆಸಿಕೊಳ್ಳಿ. ತಲೆಯ ಮೇಲೆ 12 ಗಂಟೆ. ಮುಂದೆ 10ಕ್ಕೆ ನಿಲ್ಲಿಸಿ, ಹಿಂದೆ 1ಕ್ಕೆ ನಿಲ್ಲಿಸಿ. ಅದಕ್ಕಿಂತ ಹಿಂದೆ ಬಿಟ್ಟರೆ ದಾರ ಹುಲ್ಲಿಗೆ, ಪೊದೆಗೆ. ಹಿಂದೆ ನಿಲ್ಲಿಸಿದ ಮೇಲೆ ಕಾಯಬೇಕು, ಕಷ್ಟ ಇರುವುದು ಅಲ್ಲೇ. ದಾರ ಹಿಂದಕ್ಕೆ ಹೋಗಿ ನೇರವಾಗುವ ಮುಂಚೆಯೇ ಮುಂದಕ್ಕೆ ಬೀಸಿದರೆ ಬಲವೇ ಇರುವುದಿಲ್ಲ, ಒಮ್ಮೊಮ್ಮೆ ಚಾವಟಿಯ ಹಾಗೆ ಚಟ್ ಅಂತ ಸದ್ದಾಗಿ ಫ್ಲೈ ಹರಿದೇ ಹೋಗುತ್ತದೆ. ನಾನು ಮನಸ್ಸಲ್ಲಿ "ಚಾಮರಾಜನಗರ" ಅಂದುಕೊಂಡು ಬೀಸುತ್ತಿದ್ದೆ. ಚಿಕ್ಕ ದಾರಕ್ಕೆ ಅಷ್ಟು ಹೊತ್ತು ಸರಿಹೋಗುತ್ತಿತ್ತು. ನಂಬಿಕೆ ಬಾರದಿದ್ದರೆ ತಲೆ ತಿರುಗಿಸಿ ಹಿಂದೆ ನೋಡಿ. ತಪ್ಪೇನಿಲ್ಲ.

ಮಣಿಕಟ್ಟು ಮಡಚುವ ಚಟ ಇದ್ದರೆ ಕೋಲಿನ ಬುಡವನ್ನು ಅಂಗಿಯ ತೋಳಿನೊಳಗೆ ತೂರಿಸಿಕೊಂಡು ಬೀಸಿ ನೋಡಿ. ತಾನಾಗಿ ಸರಿಯಾಗುತ್ತದೆ.

ತೀರ್ಥನ್ ದಂಡೆಯಲ್ಲಿ ಬಹಳ ಕಡೆ ಹಿಂದೆ ಜಾಗವೇ ಇರುವುದಿಲ್ಲ, ಮರಗಳು ಮೈಮೇಲೆ ಬರುತ್ತವೆ. ಅಲ್ಲಿ ರೋಲ್ ಕಾಸ್ಟ್ ಬೇಕು. ದಾರವನ್ನು ನೀರ ಮೇಲೇ ಬಿಟ್ಟು, ಕೋಲನ್ನು ನಿಧಾನಕ್ಕೆ ಕಿವಿಯ ಪಕ್ಕ ತಂದು, ದಾರ ಭುಜದ ಹಿಂದೆ ಜೋತು ಬಿದ್ದಾಗ ಒಂದು ಕ್ಷಣ ನಿಂತು, ಮುಂದಕ್ಕೆ ಚಿಮುಕಿಸಿ. ದಾರ ಚಕ್ರದ ಹಾಗೆ ಉರುಳಿಕೊಂಡು ಹೋಗುತ್ತದೆ. ನನ್ನ ಕೇಳಿದರೆ ಹೊಸಬರು ಇದನ್ನೇ ಮೊದಲು ಕಲಿಯಬೇಕು. ತಲೆಯ ಮೇಲಿಂದ ಬೀಸುವುದು ಫೋಟೋಗೆ ಚೆಂದ, ಈ ನದಿಯಲ್ಲಿ ಮೀನು ಕೊಡುವುದು ರೋಲ್ ಕಾಸ್ಟ್.

ದೂರದ ಹುಚ್ಚು ಬಿಡಿ. ಇಲ್ಲಿ 20, 25 ಅಡಿ ಹಾಕಲು ಬಂದರೆ ಧಾರಾಳ.

ನೀರು ಓದುವುದು

ಇನ್ನು ಆ ಹದಿನೈದು ನಿಮಿಷದ ಪಾಠಕ್ಕೆ ಬರೋಣ. ಟ್ರೌಟ್ ಸಾಮಾನ್ಯವಾಗಿ ಹರಿವಿಗೆ ಎದುರಾಗಿ ಮುಖ ಮಾಡಿ ನಿಲ್ಲುತ್ತದೆ. ಊಟದ ಪಂಕ್ತಿಯಲ್ಲಿ ಕೂತವರ ಹಾಗೆ ಅದು. ಬಡಿಸುವವರ ಹಿಂದೆ ಓಡುವುದಿಲ್ಲ, ಎಲೆಯ ಮುಂದೆ ಬಂದದ್ದನ್ನು ಹಾಕಿಸಿಕೊಳ್ಳುತ್ತದೆ. ಬಡಿಸುವ ಕೆಲಸ ಹರಿವಿನದ್ದು. ಹಾಗಾಗಿ ಅದಕ್ಕೆ ಎರಡು ಬೇಕು, ಶಕ್ತಿ ಖರ್ಚಾಗದ ನಿಧಾನದ ನೀರು ಮತ್ತು ಪಕ್ಕದಲ್ಲೇ ಊಟ ಹೊತ್ತು ತರುವ ವೇಗದ ನೀರು. ಎರಡೂ ಸೇರುವ ಗೆರೆಯನ್ನು ಹುಡುಕಿ. ನೊರೆಯ ಗುಳ್ಳೆಗಳು ಸಾಲಾಗಿ ಹೋಗುವುದು ಸಾಮಾನ್ಯವಾಗಿ ಆ ಗೆರೆಯ ಮೇಲೇ.

ದೊಡ್ಡ ಬಂಡೆಯ ಹಿಂದೆ ಮೀನು ಇರುತ್ತದೆ ಅಂತ ಎಲ್ಲರಿಗೂ ಹೊಳೆಯುತ್ತದೆ. ಬಂಡೆಯ ಮುಂದೆಯೂ ಇರುತ್ತದೆ ಅನ್ನುವುದು ನನಗೆ ಗೊತ್ತಿರಲಿಲ್ಲ. ನೀರು ಕಲ್ಲಿಗೆ ಬಡಿಯುವ ಮುಂಚೆ ಅಲ್ಲೊಂದು ಮೆತ್ತನೆಯ ಜಾಗ ಆಗಿರುತ್ತದೆ. ಝರಿ ಬಂದು ಮಡುವಿಗೆ ಬೀಳುವ ತಲೆಯ ಭಾಗ, ದಂಡೆಯ ಬೇರುಗಳ ಕೆಳಗಿನ ನೆರಳು, ಮಡು ಮುಗಿದು ನೀರು ಮತ್ತೆ ತೆಳುವಾಗುವ ಬಾಲದ ಭಾಗ, ಇವೆಲ್ಲ ನೋಡಬೇಕಾದ ಜಾಗಗಳು. ನಡುಮಡುವಿನ ನಿಂತ ಹಸಿರು ನೀರು ನೋಡಲು ಆಸೆ ಹುಟ್ಟಿಸುತ್ತದೆ, ಹೊಸಬರ ಅರ್ಧ ದಿನ ನುಂಗುತ್ತದೆ.

ಮೀನಿನ ಮುಖ ಹರಿವು ಬರುವ ಮೇಲ್ಗಡೆಗೆ ಇರುವುದರಿಂದ ನೀವು ಕೆಳಗಿನಿಂದ ಮೇಲಕ್ಕೆ ನಡೆಯಿರಿ, ಅದರ ಬೆನ್ನ ಹಿಂದಿನಿಂದ. ಮೊದಲು ಹತ್ತಿರದ ನೀರಿಗೆ ಹಾಕಿ, ಆಮೇಲೆ ದೂರ. ಎಷ್ಟೋ ಸಲ ಮೀನು ನಾವು ಕಾಲಿಡಲು ಹೊರಟ ಜಾಗದಲ್ಲೇ ಇರುತ್ತದೆ.

ಈಗ ಫ್ಲೈ ನೀರಿಗೆ ಬಿತ್ತು. ಅದು ಪಕ್ಕದ ನೊರೆಯ ಜೊತೆಯೇ ನಡೆಯಬೇಕು. ನೊರೆಗಿಂತ ಜೋರಾಗಿ ಓಡಿದರೆ ದಾರ ಎಳೆಯುತ್ತಿದೆ ಅಂತ ಅರ್ಥ, ಮೀನಿಗೆ ಆ ವೇಷ ಗೊತ್ತಾಗಿಬಿಡುತ್ತದೆ. ನಡುವಿನ ವೇಗದ ನೀರು ದಾರವನ್ನು ಬಿಲ್ಲಿನ ಹಾಗೆ ಬಗ್ಗಿಸುವ ಮುಂಚೆಯೇ, ಕೋಲಿನ ತುದಿಯಿಂದ ದಾರದ ಹೊಟ್ಟೆಯನ್ನು ಎತ್ತಿ ಮೇಲ್ಗಡೆಗೆ ಮಡಚಿ ಹಾಕಿ. ಇದಕ್ಕೆ ಮೆಂಡಿಂಗ್ ಅನ್ನುತ್ತಾರೆ. ಮೊದಲ ದಿನ ಇದೊಂದು ಬಂದರೂ ಲಾಭವೇ.

ನಿಂಫ್ ಹಾಕುವಾಗ ಗೈಡ್ ಮೇಲೆ ಒಂದು ಬಣ್ಣದ ಇಂಡಿಕೇಟರ್ ಕಟ್ಟುತ್ತಾರೆ. ನಮ್ಮ ಬೆಂಡೇ ಅದು! ಹಳೇ ನೆಂಟ ಸಿಕ್ಕಿದ ಹಾಗೆ ಖುಷಿಯಾಯಿತು ನನಗೆ. ನೀರು ಎರಡು ಅಡಿ ಇದ್ದರೆ ಬೆಂಡಿನಿಂದ ನಿಂಫ್‌ವರೆಗೆ ಮೂರು ಅಡಿ ಬಿಡಿ, ಒಂದೂವರೆ ಪಟ್ಟಿನ ಲೆಕ್ಕ.

ಹೊತ್ತಿನ ವಿಚಾರ. ಮಾರ್ಚ್‌ನಲ್ಲಿ ನಸುಕಿಗೆ ಏಳುವುದು ದಂಡ, ನೀರು ಬಹಳ ತಣ್ಣಗಿದ್ದು ಮೀನು ಮಂಕಾಗಿರುತ್ತದೆ. ತಿಂಡಿ ತಿಂದು ಬಿಸಿಲು ಬಿದ್ದ ಮೇಲೆ ಹೋಗಿ. ಮೇ, ಜೂನ್‌ನಲ್ಲಿ ಉಲ್ಟಾ, ಬೆಳಗ್ಗೆ ಬೇಗ ಮತ್ತು ಸಂಜೆ.

ಕಚ್ಚಿದಾಗ

ಬೆಂಡು ಮುಳುಗಿತು, ನಿಂತಿತು, ಪಕ್ಕಕ್ಕೆ ಜಾರಿತು, ಏನೇ ಆಗಲಿ ಕೋಲು ಎತ್ತಿ. ಕೆರೆಯಲ್ಲಿ ಜಿಲೇಬಿ ಮೀನನ್ನು ದಂಡೆಗೆ ಎಸೆದ ಹಾಗೆ ಎಳೆದರೆ 5ಎಕ್ಸ್ ಎಳೆ ಪಟ್ ಅಂತ ಹೋಗುತ್ತದೆ. ನನ್ನ ಮೊದಲ ಟ್ರೌಟ್ ಹಾಗೇ ಹೋಯಿತು. ಕೋಲು ಬಾಗಿದ್ದರೆ ಸಾಕು, ಬಾಗಿದ ಕೋಲೇ ಮೀನನ್ನು ಸುಸ್ತು ಮಾಡುತ್ತದೆ. ಅದು ಓಡಿದರೆ ದಾರ ಬಿಡಿ, ನಿಂತರೆ ಎಳೆದುಕೊಳ್ಳಿ. ಜಾಸ್ತಿ ಹೊತ್ತು ಆಡಿಸಬೇಡಿ.

ಬಿಡುವ ಮೀನನ್ನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಅದರ ಮೈಮೇಲಿನ ಲೋಳೆ ಅದಕ್ಕೆ ರಕ್ಷಣೆ. ಒಣ ಕೈ ಅದನ್ನು ಕಿತ್ತು ಹಾಕುತ್ತದೆ. ಬಲೆಯನ್ನು ನೀರಲ್ಲೇ ಇಟ್ಟು ಕೊಕ್ಕೆ ಬಿಡಿಸಿ. ಮುಳ್ಳು ಚಪ್ಪಟೆ ಮಾಡಿದ ಕೊಕ್ಕೆ ಕಟ್ಟಲು ಗೈಡ್‌ಗೆ ಮೊದಲೇ ಹೇಳಿದ್ದರೆ ಅದು ಒಂದೇ ಸಲಕ್ಕೆ ಬರುತ್ತದೆ, ನಿಮ್ಮ ಬೆರಳಿಗೆ ಸಿಕ್ಕಿದರೂ ಅಷ್ಟೇ. ಫೋಟೋ ಬೇಕಾದರೆ ಕ್ಯಾಮೆರಾ ತಯಾರಾದ ಮೇಲೆ ಎತ್ತಿ, ನೀವು ಉಸಿರು ಹಿಡಿಯಿರಿ, ನಿಮಗೆ ಕಷ್ಟವಾಗುವ ಮುಂಚೆ ನೀರಿಗೆ ಬಿಡಿ. ಆಗ ಗಮನಿಸಿ ನೋಡಿ: ತಿಳಿ ಉಂಗುರದ ನಡುವೆ ಕೆಂಪು ಚುಕ್ಕೆ ಇದ್ದರೆ ಬ್ರೌನ್, ಪಕ್ಕೆಯುದ್ದಕ್ಕೂ ಗುಲಾಬಿ ಪಟ್ಟೆ ಇದ್ದರೆ ರೇನ್‌ಬೋ. ತಲೆಯನ್ನು ಹರಿವಿನ ಎದುರಿಗೆ ಹಿಡಿದುಕೊಳ್ಳಿ. ಅದೇ ಬಾಲ ಬೀಸಿ ಹೋಗುವ ತನಕ ಕಾಯಿರಿ.

ತಿನ್ನುವ ಆಸೆ ಇದ್ದರೆ ಕಣಿವೆಯಲ್ಲಿ ಟ್ರೌಟ್ ಸಾಕುವ ಫಾರ್ಮ್‌ಗಳಿವೆ. ಹೋಂಸ್ಟೇ ಅಡುಗೆಯವರಿಗೆ ಹಿಂದಿನ ದಿನ ಹೇಳಿದರೆ ತರಿಸುತ್ತಾರೆ. ಸಾಸಿವೆ ಎಣ್ಣೆಯಲ್ಲಿ ಹುರಿದದ್ದು ನಮ್ಮ ನಾಲಿಗೆಗೆ ಮೊದಲು ಸ್ವಲ್ಪ ಹೊಸದು, ಎರಡನೇ ತುಂಡಿಗೆ ಒಗ್ಗುತ್ತದೆ.

ನೀರಿಗೆ ಇಳಿಯುವಾಗ

ಇದನ್ನು ಹಗುರಾಗಿ ಓದಬೇಡಿ. ತೀರ್ಥನ್ ಹೋಗಿ ಸೇರುವುದು ಲಾರ್ಜಿಯ ಹತ್ತಿರ ಬಿಯಾಸ್ ನದಿಗೆ. ಅಲ್ಲೊಂದು ಅಣೆಕಟ್ಟಿದೆ. 2014ರ ಜೂನ್ 8ರಂದು ಅದರ ಕೆಳಗೆ, ಥಲೌಟ್ ಹತ್ತಿರ, ಫೋಟೋ ತೆಗೆಯಲು ನದಿಗಿಳಿದಿದ್ದ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಟ್ಟ ನೀರಿಗೆ ಕೊಚ್ಚಿಹೋದರು. ನೀರು ಏರಿದ್ದು ಕೆಲವೇ ನಿಮಿಷಗಳಲ್ಲಿ. ಅಣೆಕಟ್ಟಿನ ಕೆಳಗಿನ ನದಿಯಲ್ಲಿ ಗಾಳ ಹಾಕೋಣ ಅಂತ ಯಾರೇ ಹೇಳಿದರೂ ಬೇಡ.

ತೀರ್ಥನ್‌ಗೆ ಅಣೆಕಟ್ಟಿನ ಭಯ ಇಲ್ಲ, ಆದರೆ ಮೇಲಿನ ಬೆಟ್ಟದಲ್ಲಿ ಮಳೆಯಾದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ತಿಳಿನೀರು ಕದಡಿತು, ಕಡ್ಡಿ ಎಲೆ ತೇಲಿ ಬರಲು ಶುರುವಾಯಿತು ಅಂದರೆ ದಾರ ಸುತ್ತಬೇಡಿ, ಮೊದಲು ದಂಡೆ ಹತ್ತಿ. ಗೈಡ್ "ಬಾಹರ್" (ಹೊರಗೆ ಬನ್ನಿ) ಅಂದರೆ ಯಾಕೆ ಅಂತ ಆಮೇಲೆ ಕೇಳಿ.

ಮೊಣಕಾಲಿಗಿಂತ ಆಳಕ್ಕೆ ಹೊಸಬರಿಗೆ ಕೆಲಸವಿಲ್ಲ. ಕಾಲು ಎತ್ತಿ ಇಡಬೇಡಿ, ತಳದ ಮೇಲೆ ಜಾರಿಸುತ್ತಾ ಸಾಗಿ. ಒಂದು ಕಾಲು ಗಟ್ಟಿ ನಿಂತ ಮೇಲೆ ಇನ್ನೊಂದು. ಊರುಗೋಲು ಮೇಲ್ಗಡೆಗೆ ಇರಲಿ. ರಬ್ಬರ್ ಚಪ್ಪಲಿ ಆ ಪಾಚಿ ಕಲ್ಲಿನ ಮೇಲೆ ಸೋಪಿನ ಹಾಗೆ ಜಾರುತ್ತದೆ. ಫೆಲ್ಟ್ ಅಡಿಯ ಬೂಟು ಗೈಡ್ ಹತ್ತಿರ ಸಿಗುತ್ತದಾ ಕೇಳಿ. ಎದೆಯವರೆಗಿನ ವೇಡರ್ (ನೀರು ಇಳಿಯದ ಪ್ಯಾಂಟು) ಕೊಟ್ಟರೆ ಸೊಂಟದ ಬೆಲ್ಟ್ ಬಿಗಿಯಾಗಿ ಕಟ್ಟಿ, ಬಿದ್ದರೆ ನೀರು ಒಳಗೆ ತುಂಬುವುದು ಅದರಿಂದ ತಡೆಯುತ್ತದೆ. ಬಿದ್ದೇ ಬಿಟ್ಟರೆ ಬೆನ್ನ ಮೇಲೆ ಮಲಗಿ, ಕಾಲು ಮುಂದೆ ಮಾಡಿ ತೇಲುತ್ತಾ ದಂಡೆಗೆ ಸರಿಯಿರಿ. ಕೋಲು ಹೋದರೆ ಹೋಗಲಿ.

ಎರಡನೇ ದಿನದ ಸಂಜೆ

ಕೊನೆಯ ಒಂದು ಗಂಟೆ ಗೈಡ್‌ಗೆ ದಂಡೆಯಲ್ಲಿ ಕೂರಲು ಹೇಳಿ. ಜಾಗ ನೀವೇ ಆರಿಸಿ, ಗಂಟು ನೀವೇ ಕಟ್ಟಿ, ನೀವೇ ಹಾಕಿ. ತಪ್ಪಿದಾಗಲೂ ಸುಮ್ಮನಿರಬೇಕು, ಗಂಟೆ ಮುಗಿದ ಮೇಲೆ ತಪ್ಪು ಹೇಳಬೇಕು ಅಂತ ಒಪ್ಪಂದ ಮಾಡಿಕೊಳ್ಳಿ. ನನಗೆ ಅವರು ಹೇಳಿದ ತಪ್ಪು ಎರಡೇ: ನೀರಿಗೆ ಬೇಗ ಇಳಿದೆ, ಒಂದೇ ಜಾಗಕ್ಕೆ ಜಾಸ್ತಿ ಸಲ ಹಾಕಿದೆ. ನಾಲ್ಕೈದು ಸಲ ಸರಿಯಾಗಿ ಹೋದ ಮೇಲೂ ಕಚ್ಚದಿದ್ದರೆ ಎರಡು ಹೆಜ್ಜೆ ಮೇಲಕ್ಕೆ ಸರಿಯಬೇಕಂತೆ.

ಗೈಡ್‌ಗೆ ಭಕ್ಷೀಸು ನಗದಾಗಿ ಕೊಡಿ, ಕಣಿವೆಯಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ಮೀನು ಕಚ್ಚಿದ ಫ್ಲೈಯನ್ನು ಅವರಿಂದ ಕೊಂಡು ತನ್ನಿ. ವಿಮಾನದಲ್ಲಿ ಬರುವುದಾದರೆ ಅದನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ, ಕೈಚೀಲದಲ್ಲಿ ಕೊಕ್ಕೆ ಇದ್ದರೆ ತಪಾಸಣೆಯಲ್ಲಿ ತೆಗೆದಿಟ್ಟುಬಿಡಬಹುದು.